ಪಾಲಿಶ್ ಆದ ಮೇಲೆ ಸರಿಹೋಗುತ್ತೆ



ಮನೆಯಲ್ಲಿ ಮರಗೆಲಸ ಮಾಡಿಸಿದವರೆಲ್ಲ ಒಂದು ಮಾತನ್ನು ಕೇಳಿಯೇ ಇರುತ್ತಾರೆ: ‘ಪಾಲಿಶ್ ಆದ ಮೇಲೆ ಎಲ್ಲ ಸರಿಹೋಗುತ್ತೆ ಸಾರ್.’ ಬೀರುವಿನ ಎರಡು ಬಾಗಿಲುಗಳ ಬಣ್ಣ ಬೇರೆ ಬೇರೆ ಕಾಣುತ್ತಿದೆ ಎಂದರೂ ಇದೇ ಉತ್ತರ. ಮೂಲೆಯಲ್ಲಿ ಸಂದು ಕಂಡರೂ, ಮೇಜಿನ ಮೇಲೆ ಗೀರು ಉಳಿದಿದ್ದರೂ ಇದೇ ಉತ್ತರ. ಹಾಗೆ ಹೇಳುವ ಮೇಸ್ತ್ರಿ ಮೋಸಗಾರನೆಂದಲ್ಲ. ಅವನಿಗೂ ಹಾಗೇ ಆಗಲಿ ಎಂಬ ಆಸೆ ಇರುತ್ತದೆ. ಆದರೆ ಮರದ ಸ್ವಭಾವ ಬೇರೆ. ಹಸಿ ಮರದ ಮೇಲೆ ಕಣ್ಣಿಗೇ ಬೀಳದ ಅಡ್ಡಗೀರು, ಮೆರುಗು ಕೂತ ಮೇಲೆ ಬೆಳಕಿಗೆ ಎದ್ದು ನಿಲ್ಲುತ್ತದೆ. ಮೆರುಗು ತಪ್ಪನ್ನು ಮುಚ್ಚುವುದಕ್ಕಿಂತ ಎತ್ತಿ ತೋರಿಸುವುದೇ ಹೆಚ್ಚು.

ಪೀಠೋಪಕರಣದ ವಿಷಯದಲ್ಲಿ ಜನ ಮರಕ್ಕೆ ಕೊಡುವಷ್ಟು ಗಮನವನ್ನು ಅದರ ಮೈಗೆ ಕೊಡುವುದಿಲ್ಲ. ‘ತೇಗವೋ, ಹೊನ್ನೆಯೋ, ಪ್ಲೈವುಡ್ಡೋ?’ ಎಂದು ಹತ್ತು ಅಂಗಡಿ ಅಲೆಯುತ್ತಾರೆ. ಮೇಲಿನ ಹೊದಿಕೆಯನ್ನು ಮಾತ್ರ ಅಂಗೈಯಗಲದ ತುಣುಕು ನೋಡಿ ಎರಡು ನಿಮಿಷದಲ್ಲಿ ಒಪ್ಪಿಬಿಡುತ್ತಾರೆ. ನಿತ್ಯ ಕೈ ಸೋಕುವುದು, ಬಿಸಿ ಲೋಟ ಇಡುವುದು, ಒದ್ದೆ ಬಟ್ಟೆಯಿಂದ ಒರೆಸುವುದು ಆ ಹೊದಿಕೆಯನ್ನೇ. ಹತ್ತು ವರ್ಷಗಳ ನಂತರ ಆ ಮೇಜನ್ನು ಮತ್ತೆ ಹೊಸದು ಮಾಡಬಹುದೋ, ಗುಜರಿಗೆ ಹಾಕಬೇಕೋ ಎಂಬುದೂ ಬಹುಮಟ್ಟಿಗೆ ಅದರಿಂದಲೇ ತೀರ್ಮಾನವಾಗುತ್ತದೆ. ಈ ಮಾತನ್ನು ಪರಿಶೀಲಿಸಲು ಬೆಂಗಳೂರಿನ ದಂಡು ಪ್ರದೇಶ ಮತ್ತು ಅದರ ಪೂರ್ವದ ಬಡಾವಣೆಗಳಿಗಿಂತ ಒಳ್ಳೆಯ ಜಾಗ ಸಿಗಲಾರದು. ಶಿವಾಜಿನಗರದಿಂದ ಹಲಸೂರು, ಇಂದಿರಾನಗರ ದಾಟಿ ಕೆ.ಆರ್. ಪುರ ಸೇರುವಷ್ಟರಲ್ಲಿ ಎರಡು ಶತಮಾನಗಳ ಪೀಠೋಪಕರಣ ಚರಿತ್ರೆ ಕಣ್ಣ ಮುಂದೆ ಹಾದುಹೋಗುತ್ತದೆ.

ದಂಡಿನವರ ಕುರ್ಚಿ ಮೇಜು

ಬ್ರಿಟಿಷರ ಸೇನಾ ತುಕಡಿ ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಬಂದು ನೆಲೆಸಿದ್ದು 1809ರಲ್ಲಿ. ಪೇಟೆಯ ಜನ ಅದನ್ನು ‘ದಂಡು’ ಎಂದು ಕರೆದರು. ಆ ಹೆಸರು ರೈಲು ನಿಲ್ದಾಣದ ಮೇಲೆ ಇಂದಿಗೂ ಉಳಿದಿದೆ. ದಂಡಿನ ಬದುಕಿನ ಒಂದು ಮುಖ್ಯ ಲಕ್ಷಣವೆಂದರೆ ಅಲ್ಲಿ ಯಾರೂ ಹೆಚ್ಚು ಕಾಲ ನಿಲ್ಲುತ್ತಿರಲಿಲ್ಲ. ಅಧಿಕಾರಿಗಳು ಬರುತ್ತಿದ್ದರು, ಬಂಗಲೆ ಹಿಡಿಯುತ್ತಿದ್ದರು, ಕೆಲವು ವರ್ಷಗಳಲ್ಲಿ ವರ್ಗವಾಗಿ ಹೋಗುತ್ತಿದ್ದರು. 1896ರಲ್ಲಿ ಇಲ್ಲಿಗೆ ಬಂದ ಯುವ ಸೈನಿಕಾಧಿಕಾರಿ ವಿನ್‌ಸ್ಟನ್ ಚರ್ಚಿಲ್‌ನ ವಾಸ್ತವ್ಯವೂ ಹಾಗೆಯೇ ಕೆಲವೇ ವರ್ಷಗಳದ್ದು.

ಹೀಗೆ ಬಂದು ಹೋಗುವವರ ಊರಿನಲ್ಲಿ ಪೀಠೋಪಕರಣವೂ ಕೈಯಿಂದ ಕೈಗೆ ದಾಟುತ್ತದೆ. ಸೇನೆಯವರಿಗೆಂದೇ ಮಾಡಿದ ಮಡಚುವ ಮೇಜು, ಬಿಚ್ಚಿ ಜೋಡಿಸುವ ಪೆಟ್ಟಿಗೆ-ಬೀರುಗಳಿಗೆ ಮೂಲೆಗಳಲ್ಲಿ ಹಿತ್ತಾಳೆ ಪಟ್ಟಿ ಇರುತ್ತಿದ್ದುದು ಅಂದಕ್ಕಷ್ಟೇ ಅಲ್ಲ, ಗಾಡಿಯ ಪ್ರಯಾಣದ ಪೆಟ್ಟಿಗೆ ಮೂಲೆ ಒಡೆಯದಿರಲಿ ಎಂದು. ಆರಾಮ ಕುರ್ಚಿಗೆ ಬೆತ್ತದ ನೇಯ್ಗೆ ಹಾಕುತ್ತಿದ್ದುದು ಗಾಳಿ ಆಡಲಿ ಎಂದು. ಹರಿದರೆ ಬೆತ್ತವನ್ನಷ್ಟೇ ಬದಲಿಸಿದರೆ ಸಾಕಿತ್ತು. ಮರದ ಮೈಗೆ ಬಳಿಯುತ್ತಿದ್ದುದು ಅರಗಿನ ಪಾಲಿಶ್. ಆ ಪಾಲಿಶ್ ಗಟ್ಟಿಯಾದುದೇನೂ ಅಲ್ಲ. ಆದರೆ ಅದನ್ನು ಮನೆಯಂಗಳದಲ್ಲೇ, ಒಂದು ಬಾಟಲಿ ಸ್ಪಿರಿಟ್ಟು, ಒಂದು ಹಿಡಿ ಹತ್ತಿ, ಒಂದು ಚೂರು ಹಳೆಯ ಬಟ್ಟೆ ಇಟ್ಟುಕೊಂಡು ಹೊಸದು ಮಾಡಬಹುದಿತ್ತು. ಮತ್ತೆ ಮತ್ತೆ ಒಡೆಯರನ್ನು ಬದಲಿಸುವ ಸಾಮಾನಿಗೆ ಬೇಕಾಗಿದ್ದುದು ಈ ಗುಣವೇ.

ಮರದ ಜಾತಿಗೂ ಈ ಪ್ರದೇಶಕ್ಕೂ ನಂಟಿದೆ. ಹಲಸೂರಿನ ಹೆಸರು ಹಲಸಿನ ತೋಪಿನಿಂದ ಬಂತೆಂದು ಜನ ಹೇಳುತ್ತಾರೆ. ಹಲಸಿನ ಮರ ಕೊಯ್ದಾಗ ಹಳದಿ. ಬೆಳಕು ಗಾಳಿ ಸೋಕುತ್ತ ಹೋದಂತೆ ಕೆಂಗಂದು ಬಣ್ಣಕ್ಕೆ ತಿರುಗುತ್ತದೆ. ತೇಗದ ಹಲಗೆ ಹೊಸದಾಗಿ ಕೆತ್ತಿದಾಗ ಪಟ್ಟೆ ಪಟ್ಟೆಯಾಗಿ ಕಂಡರೂ ಕ್ರಮೇಣ ಒಂದೇ ಹದಕ್ಕೆ ಬರುತ್ತದೆ. ಹಾಗಾಗಿ ‘ಪಾಲಿಶ್ ಆದ ಮೇಲೆ ಸರಿಹೋಗುತ್ತೆ’ ಎಂಬುದರಲ್ಲಿ ಒಂದು ಪಾಲು ಸತ್ಯವೂ ಇದೆ. ಅದನ್ನು ಸರಿಪಡಿಸುವುದು ಪಾಲಿಶ್ ಅಲ್ಲ, ಕಾಲ. ಇಂದು ಕಂಡ ಬಣ್ಣವೇ ಮುಂದಿನ ವರ್ಷವೂ ಇರುತ್ತದೆಂದು ನಂಬಿ ಹಸಿ ಹಲಸಿನ ಹಲಗೆಗೆ ಹಳೆಯ ಬೀರುವಿನ ಬಣ್ಣ ಹೊಂದಿಸಲು ಹೊರಟರೆ, ಎರಡು ವರ್ಷದಲ್ಲಿ ಹೊಸದೇ ಹಳೆಯದಕ್ಕಿಂತ ಕಪ್ಪಾಗಬಹುದು.

ಅರಗಿನ ಕಥೆ

ಅರಗು ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಪಾಂಡವರನ್ನು ಸುಡಲು ಕಟ್ಟಿದ ಅರಗಿನ ಮನೆ. ಮಹಾಭಾರತದ ಆ ಪ್ರಸಂಗ ಅರಗಿನ ಎರಡು ಗುಣಗಳನ್ನೂ ಬಲ್ಲದು: ಅದು ಚೆಂದವಾಗಿ ಮೆರುಗು ಕೊಡುತ್ತದೆ, ಬೆಂಕಿಗೆ ಬೇಗ ಸೋಲುತ್ತದೆ. ಅರಗು ಒಂದು ಪುಟ್ಟ ಕೀಟದ ಸ್ರಾವ. ಮುತ್ತುಗ, ಬೋರೆ, ಕುಸುಮ ಮೊದಲಾದ ಮರಗಳ ಎಳೆ ಕೊಂಬೆಗಳ ಮೇಲೆ ಲಕ್ಷಗಟ್ಟಲೆ ಹುಳುಗಳು ಕೂತು ರಸ ಹೀರಿ, ಮೈ ಸುತ್ತ ಅಂಟಿನ ಗೂಡು ಕಟ್ಟಿಕೊಳ್ಳುತ್ತವೆ. ಆ ಗೂಡನ್ನು ಕೆರೆದು, ತೊಳೆದು, ಕರಗಿಸಿ, ತೆಳ್ಳಗೆ ಎಳೆದರೆ ಸಿಗುವ ಹಳದಿ ಹಾಳೆಯ ಚೂರುಗಳೇ ಪಾಲಿಶ್ ಕೆಲಸಗಾರರ ಬಾಯಲ್ಲಿ ‘ಚಪ್ಡಾ’. ಸಂಸ್ಕೃತದ ‘ಲಾಕ್ಷಾ’ ಶಬ್ದವೇ ಊರೂರು ಸುತ್ತಿ ಇಂಗ್ಲಿಷಿನ ಲ್ಯಾಕ್, ಲ್ಯಾಕರ್ ಆಯಿತು.

ನಮ್ಮ ನಾಡಿಗೆ ಇದು ಪರಕೀಯ ವಿದ್ಯೆಯಲ್ಲ. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರದ ಚನ್ನಪಟ್ಟಣದಲ್ಲಿ ಹಾಲೆ ಮರದ ಬೊಂಬೆಗಳಿಗೆ ಬಣ್ಣದ ಅರಗನ್ನು ಹಚ್ಚುವುದು ಕುಂಚದಿಂದಲ್ಲ. ಚರಕಿಯಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಕೊನೆಗೆ ಕೇದಗೆ ಜಾತಿಯ ಎಲೆಯಿಂದ ಒತ್ತಿ ಹೊಳಪು ಬರಿಸುತ್ತಾರೆ. ದಂಡಿನ ಪಾಲಿಶ್ ಕೆಲಸದಲ್ಲಿ ಅದೇ ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಮೊದಲು ಉಪ್ಪುಕಾಗದದಿಂದ ಎಳೆಯ ಗುಂಟ ಉಜ್ಜಬೇಕು. ಬಳಿಕ ಸೀಮೆಸುಣ್ಣದ ಪುಡಿಗೆ ಕಾವಿ ಬೆರೆಸಿ ಮರದ ಸಣ್ಣ ರಂಧ್ರಗಳನ್ನು ತುಂಬಬೇಕು. ಆಮೇಲೆ ಬಟ್ಟೆ ಸುತ್ತಿದ ಹತ್ತಿಯ ಉಂಡೆಯನ್ನು ಪಾಲಿಶ್‌ನಲ್ಲಿ ಅದ್ದಿ, ಕೈ ಎಲ್ಲೂ ನಿಲ್ಲಿಸದೆ ಸುತ್ತು ಸುತ್ತಾಗಿ ಎಳೆಯಬೇಕು, ಒಣಗಲು ಬಿಡಬೇಕು, ಮತ್ತೆ ಎಳೆಯಬೇಕು. ಕೈ ಒಂದು ಕ್ಷಣ ನಿಂತರೂ ಅಲ್ಲಿ ಗುರುತು ಬೀಳುತ್ತದೆ. ತಾಳಿದವನು ಬಾಳಿಯಾನು ಎಂಬ ಗಾದೆ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ.

ಇದರ ದೋಷಗಳೂ ಸ್ಪಷ್ಟ. ಕುದಿಯುವ ನೀರಿಗಿಂತ ಕಡಿಮೆ ಬಿಸಿಯಲ್ಲೇ ಅರಗು ಮೆತ್ತಗಾಗುತ್ತದೆ. ಹಬೆಯಾಡುವ ಕಾಫಿ ಲೋಟವನ್ನು ನೇರವಾಗಿ ಇಟ್ಟರೆ ಬಿಳಿಯ ಉಂಗುರ ಮೂಡುತ್ತದೆ. ಮಳೆಗಾಲದ ತೇವದಲ್ಲಿ ಪಾಲಿಶ್ ಮಾಡಿದರೆ ಮೈ ಮಂಜು ಕವಿದಂತೆ ಬೆಳ್ಳಗಾಗುತ್ತದೆ. ಸ್ಪಿರಿಟ್ಟಿನಲ್ಲಿ ಕರಗಿದ ವಸ್ತು ಸ್ಪಿರಿಟ್ಟಿಗೇ ಸೋಲುತ್ತದೆ. 2020ರ ಕೋವಿಡ್ ಕಾಲದಲ್ಲಿ ಮನೆ ಮನೆಗೆ ಬಂದ ಕೈ ತೊಳೆಯುವ ಸ್ಯಾನಿಟೈಸರ್ ಅಂಥ ಮೇಜಿನ ಮೇಲೆ ಬಿದ್ದರೆ ಕಲೆ ಉಳಿಯುವುದು ಇದೇ ಕಾರಣದಿಂದ. ಹಳೆಯ ಸಾಮಾನು ಕೊಳ್ಳುವವರಿಗೆ ಈ ದೋಷವೇ ಒಂದು ಉಪಕಾರ. ಕಾಣದ ಜಾಗದಲ್ಲಿ ಹತ್ತಿಯಿಂದ ಒಂದು ತೊಟ್ಟು ಸ್ಪಿರಿಟ್ ಮುಟ್ಟಿಸಿ ನೋಡಿದರೆ ಸಾಕು. ಮೈ ಅಂಟಂಟಾದರೆ ಅದು ಅರಗಿನ ಪಾಲಿಶ್. ಪೂರ್ತಿ ಕೆರೆಯದೆಯೇ ಅದನ್ನು ಉಳಿಸಿಕೊಳ್ಳಬಹುದು.

ಅರಗಿನಿಂದ ಸನ್‌ಮೈಕಾಕ್ಕೆ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅರಗಿಗೆ ಜಗತ್ತಿನಾದ್ಯಂತ ಬೇಡಿಕೆ ಇತ್ತು. ಗ್ರಾಮಫೋನ್ ತಟ್ಟೆಗಳಿಗೆ, ವಿದ್ಯುತ್ ತಂತಿಗಳ ಹೊದಿಕೆಗೆ, ಪಾಲಿಶ್‌ಗೆ ಎಲ್ಲಕ್ಕೂ ಅದೇ ಬೇಕು. ಬಹುಪಾಲು ಅರಗು ಹೋಗುತ್ತಿದ್ದುದು ಭಾರತದಿಂದ. 1920ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಅರಗಿನ ಮೇಲೆ ಸರಣಿ ಅಧ್ಯಯನಗಳು ನಡೆದವು. 1924ರಲ್ಲಿ ರಾಂಚಿಯ ಬಳಿ ನಾಮ್‌ಕುಮ್‌ನಲ್ಲಿ ಇದಕ್ಕೆಂದೇ ಒಂದು ಸಂಶೋಧನಾ ಸಂಸ್ಥೆ ಹುಟ್ಟಿತು.

ಆದರೆ ಹುಳು ಕೊಟ್ಟಷ್ಟೇ ಅರಗು. ಬೇಡಿಕೆ ಏರಿದಂತೆ ಬೆಲೆ ಏರಿತು. ಅರಗಿಗೆ ಬದಲಿ ಹುಡುಕುತ್ತಿದ್ದ ಲಿಯೋ ಬೇಕಲೆಂಡ್ ಎಂಬ ರಸಾಯನ ವಿಜ್ಞಾನಿ ಅಮೆರಿಕದಲ್ಲಿ ಫಿನಾಲ್ ಮತ್ತು ಫಾರ್ಮಾಲ್ಡಿಹೈಡ್‌ಗಳಿಂದ ಒಂದು ಕೃತಕ ರಾಳ ತಯಾರಿಸಿ 1907ರಲ್ಲಿ ಅದಕ್ಕೆ ಹಕ್ಕುಪತ್ರ ಕೋರಿದ. ಅದೇ ಬೇಕಲೈಟ್. ಒಮ್ಮೆ ಗಟ್ಟಿಯಾದರೆ ಅದು ಮತ್ತೆ ಕರಗುವುದಿಲ್ಲ. ಹಳೆಯ ಕಪ್ಪು ಟೆಲಿಫೋನುಗಳ ಮೈ ಇದರಿಂದಲೇ ಮಾಡಿದ್ದು. 1912-13ರಲ್ಲಿ ಡೇನಿಯಲ್ ಓಕಾನರ್, ಹರ್ಬರ್ಟ್ ಫೇಬರ್ ಎಂಬ ಇಬ್ಬರು ಎಂಜಿನಿಯರುಗಳು ಈ ರಾಳವನ್ನು ಹಾಳೆಗಳಿಗೆ ಹೀರಿಸಿ, ಒತ್ತಿ, ವಿದ್ಯುತ್ ಉಪಕರಣಗಳಲ್ಲಿ ಅಭ್ರಕದ ಬದಲು ಬಳಸಬಹುದಾದ ತಗಡು ಮಾಡಿದರು. ಅಭ್ರಕ ಎಂದರೆ ಮೈಕಾ. ಅದಕ್ಕೆ ಬದಲಿ ಎಂಬ ಅರ್ಥದಲ್ಲೇ ‘ಫಾರ್ಮೈಕಾ’ ಎಂಬ ಹೆಸರು ಬಂತು. ಮೇಲಿನ ಹಾಳೆಯ ಮೇಲೆ ಮರದ ಚಿತ್ರ ಅಚ್ಚು ಹಾಕಬಹುದೆಂದು ಮುಂದೆ ಗೊತ್ತಾಯಿತು. ಅದು ಅಡಿಗೆಮನೆಗೆ ಬಂತು.

ಕರ್ನಾಟಕದಲ್ಲಿ ಯಾರೂ ‘ಲ್ಯಾಮಿನೇಟ್’ ಎಂದು ಕೇಳುತ್ತಿರಲಿಲ್ಲ, ‘ಸನ್‌ಮೈಕಾ’ ಎನ್ನುತ್ತಿದ್ದರು. ಒಂದು ಬ್ರಾಂಡಿನ ಹೆಸರು ಎಲ್ಲ ಕಂಪನಿಗಳ ಹಾಳೆಗೂ ಹೆಸರಾಯಿತು. ಅದು ಬಂದ ಕಾಲವೂ ಪೂರ್ವ ಬೆಂಗಳೂರು ಬೆಳೆದ ಕಾಲವೂ ಹೆಚ್ಚು ಕಡಿಮೆ ಒಂದೇ. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ಕೆ.ಆರ್. ಪುರದ ಬಳಿ ದೂರವಾಣಿನಗರದ ಐ.ಟಿ.ಐ. ಕಾರ್ಖಾನೆ ಬಂದವು, ಸಂಬಳದ ನೌಕರಿಯ ಸಾವಿರಾರು ಕುಟುಂಬಗಳು ನೆಲೆ ನಿಂತವು. 1970ರ ದಶಕದಲ್ಲಿ ಇಂದಿರಾನಗರದ ನಿವೇಶನಗಳಲ್ಲಿ ಮನೆಗಳು ಏಳತೊಡಗಿದವು. ದಂಡಿನ ಬಂಗಲೆಯಂತೆ ಪಾಲಿಶ್ ಒರೆಸುವ ಆಳು ಈ ಮನೆಗಳಲ್ಲಿ ಇರಲಿಲ್ಲ. ಗಂಡಹೆಂಡಿರಿಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕಾಗುವ ಊಟದ ಮೇಜು ದೊಡ್ಡ ಅನುಕೂಲ. ಸನ್‌ಮೈಕಾ ಕೃತಕ, ಅಗ್ಗ ಎಂದು ಮೂಗು ಮುರಿಯುವವರು ಈ ಅನುಕೂಲವನ್ನು ಮರೆಯಬಾರದು.

ಹಾಳೆಯ ರಚನೆ ಸರಳ. ಫಿನಾಲ್ ರಾಳ ಹೀರಿದ ಕಂದು ಕಾಗದದ ಹಲವು ಪದರ. ಅವುಗಳ ಮೇಲೆ ಬಣ್ಣದ ಕಾಗದ, ಅದಕ್ಕೆ ಮೆಲಮೈನ್ ರಾಳ. ಎಲ್ಲವನ್ನೂ 120 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಬಿಸಿಯಲ್ಲಿ ಭಾರಿ ಒತ್ತಡದಿಂದ ಒತ್ತುತ್ತಾರೆ. ಭಾರತೀಯ ಮಾನಕದಲ್ಲಿ ಇದರ ಸಂಖ್ಯೆ ಐಎಸ್ 2046. ಅರಗಿನ ಬದಲಿಯಾಗಿ ಹುಟ್ಟಿದ ರಾಳವೇ ಹೀಗೆ ಅರಗಿನ ಜಾಗವನ್ನು ಆಕ್ರಮಿಸಿತು. ಎರಡರ ನಡುವಿನ ವ್ಯತ್ಯಾಸವನ್ನು ಒಂದೇ ಮಾತಿನಲ್ಲಿ ಹೇಳಬಹುದು: ಅರಗು ಬೇಗ ಕೆಡುತ್ತದೆ, ಬೇಗ ರಿಪೇರಿಯಾಗುತ್ತದೆ, ಸನ್‌ಮೈಕಾ ಬೇಗ ಕೆಡುವುದಿಲ್ಲ, ಕೆಟ್ಟರೆ ರಿಪೇರಿಯೂ ಆಗುವುದಿಲ್ಲ. ಚಿತ್ರ ಸವೆದ ಹಾಳೆಯನ್ನು ಉಜ್ಜಿ ಹೊಸದು ಮಾಡಲಾಗದು, ಕಿತ್ತು ಬೇರೆ ಅಂಟಿಸಬೇಕು.

ಯಾವುದಕ್ಕೆ ಯಾವುದು

ಇಂದು ಆಯ್ಕೆ ಇನ್ನೂ ಹರಡಿಕೊಂಡಿದೆ. ನಿಜವಾದ ಮರವನ್ನು ಕಾಗದದಷ್ಟು ತೆಳ್ಳಗೆ ಸೀಳಿ ಪ್ಲೈವುಡ್ ಮೇಲೆ ಅಂಟಿಸಿದ ವೆನೀರ್ ಇದೆ. ಅದರ ಮೇಲೆ ಬಳಿಯಲು ಮೆಲಮೈನ್, ಪಿಯು ಎಂದು ಕರೆಯುವ ಪಾಲಿಯುರಿಥೇನ್ ಇವೆ. 2023ರಲ್ಲಿ ಮೆಟ್ರೋ ನೇರಳೆ ಮಾರ್ಗ ಬೈಯಪ್ಪನಹಳ್ಳಿಯಿಂದ ಕೆ.ಆರ್. ಪುರಕ್ಕೆ ಕೂಡಿಕೊಂಡ ಮೇಲೆ ಆ ಕಡೆಯ ಎತ್ತರದ ವಸತಿ ಸಮುಚ್ಚಯಗಳಿಗೆ ಬರುವವರು ಇನ್ನೂ ಹೆಚ್ಚಿದ್ದಾರೆ. ಅಲ್ಲಿನ ಅಡಿಗೆಮನೆಗಳಿಗೆ ಕಾರ್ಖಾನೆಯಲ್ಲೇ ಹೊದಿಕೆ ಹಾಕಿದ ಹಲಗೆಗಳು ಲಾರಿಯಲ್ಲಿ ಬಂದಿಳಿಯುತ್ತವೆ. ಇಷ್ಟರ ನಡುವೆ ಯಾವುದು ಶ್ರೇಷ್ಠ ಎಂದು ಕೇಳುವುದಕ್ಕಿಂತ, ಈ ಮೈಯ ಮೇಲೆ ದಿನವೂ ಏನು ಬೀಳುತ್ತದೆ, ಕೆಟ್ಟಾಗ ಯಾರು ಸರಿಮಾಡುತ್ತಾರೆ ಎಂದು ಕೇಳುವುದು ಲೇಸು.

ಅಡಿಗೆಮನೆಯ ಕಪಾಟಿಗೆ ಬೀಳುವುದು ಎಣ್ಣೆ ಹಬೆ, ಅರಿಸಿನ, ನೀರು. ಅಲ್ಲಿಗೆ ಲ್ಯಾಮಿನೇಟ್ ಸರಿ. ಅದರಲ್ಲೂ ನೋಡಬೇಕಾದ್ದು ಬಣ್ಣಕ್ಕಿಂತ ಅಂಚು. ನೀರು ಒಳಗೆ ಹೋಗುವುದು ಮೇಲ್ಮೈಯಿಂದಲ್ಲ, ಅಂಚಿನಿಂದ; ತೊಳೆಯುವ ತೊಟ್ಟಿಯ ಕೆಳಗಿನ ಬಾಗಿಲು ಮೊದಲು ಉಬ್ಬುವುದು ಅದಕ್ಕೇ. ದೇವರ ಮಂಟಪಕ್ಕೆ ದೀಪದ ಬಿಸಿ, ಎಣ್ಣೆ, ಕುಂಕುಮದ ಕಲೆ ಇವೆಯಾದ್ದರಿಂದ ದೀಪ ಇಡುವ ಜಾಗಕ್ಕೆ ಕಲ್ಲು ಅಥವಾ ಹಿತ್ತಾಳೆ ತಟ್ಟೆ ಹಾಕಿ, ಉಳಿದ ಮರಕ್ಕೆ ಪಾಲಿಶ್ ಮಾಡಿಸಬಹುದು. ಊಟದ ಮೇಜು ಮರದ್ದೇ ಬೇಕೆಂದರೆ ಅರಗಿಗಿಂತ ಪಿಯು ಹೆಚ್ಚು ತಡೆಯುತ್ತದೆ. ಅಜ್ಜನ ಕಾಲದ ಬೀಟೆ ಕುರ್ಚಿಗೆ ಮಾತ್ರ ಹೊಸ ಪ್ಲಾಸ್ಟಿಕ್ಕಿನಂಥ ಮೆರುಗು ಬೇಡ. ಅದನ್ನು ಮುಂದೆ ತೆಗೆಯುವುದು ಕಷ್ಟ, ಮತ್ತು ಅಂಥ ಬೀಟೆ ಮರ ಇನ್ನೊಮ್ಮೆ ಸುಲಭವಾಗಿ ಸಿಗುವುದಿಲ್ಲ. 2017ರಿಂದ ಬೀಟೆಯ ಇಡೀ ಕುಲದ ಅಂತರರಾಷ್ಟ್ರೀಯ ವ್ಯಾಪಾರವೇ ನಿಯಂತ್ರಣದಲ್ಲಿದೆ. ಹೆಚ್ಚು ಹೊಳಪಿನ ಕಪ್ಪು ಬಾಗಿಲು ಅಂಗಡಿಯಲ್ಲಿ ಕನ್ನಡಿಯಂತೆ ಕಂಡರೂ, ಮಕ್ಕಳಿರುವ ಮನೆಯಲ್ಲಿ ಬೆರಳ ಗುರುತುಗಳ ದಾಖಲೆಯಾಗುತ್ತದೆ.

ಇನ್ನೊಂದು ಸಂಗತಿ ಕಾಣದ ಮೈಗೆ ಸಂಬಂಧಿಸಿದ್ದು. ಬೆಂಗಳೂರಿನ ಫೆಬ್ರುವರಿ-ಮಾರ್ಚ್ ಒಣ ತಿಂಗಳುಗಳು. ಜೂನ್‌ನಿಂದ ಅಕ್ಟೋಬರ್‌ವರೆಗೆ ಗಾಳಿಯಲ್ಲಿ ತೇವ. ಮರ ಆ ತೇವವನ್ನು ಹೀರಿ ಹಿಗ್ಗುತ್ತದೆ, ಬಿಟ್ಟು ಕುಗ್ಗುತ್ತದೆ. ಹಲಗೆಯ ಒಂದೇ ಮುಖಕ್ಕೆ ಲ್ಯಾಮಿನೇಟ್ ಅಂಟಿಸಿ ಹಿಂಬದಿಯನ್ನು ಬರಿದೇ ಬಿಟ್ಟರೆ ಎರಡು ಮುಖಗಳೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಬಾಗಿಲು ಸೊಟ್ಟಗಾಗುತ್ತದೆ. ಹಿಂಬದಿಗೂ ಒಂದು ತೆಳು ಹಾಳೆ ಹಾಕಬೇಕೆನ್ನುವುದು ಮೇಸ್ತ್ರಿಯ ಲೆಕ್ಕ ಏರಿಸುವ ಉಪಾಯವಲ್ಲ. ಮೇಜಿನ ಹಲಗೆಯ ಅಡಿಭಾಗಕ್ಕೂ ಒಂದೆರಡು ಕೈ ಪಾಲಿಶ್ ಬೇಕು ಎನ್ನುವುದಕ್ಕೂ ಇದೇ ಕಾರಣ.

ಒಪ್ಪಿಗೆ ಎಂದರೇನು

ಜಗಳಗಳು ಹುಟ್ಟುವುದು ಆಯ್ಕೆಯಲ್ಲಿ ಅಲ್ಲ, ಒಪ್ಪಿಗೆಯಲ್ಲಿ. ಇಂದಿರಾನಗರದಲ್ಲಿ ಒಂದು ಮನೆ ಎಂದುಕೊಳ್ಳೋಣ. ಅಂಗಡಿಯ ಬಿಳಿ ದೀಪದ ಕೆಳಗೆ ಮನೆಯಾಕೆ ಒಂದು ಚಿಕ್ಕ ತುಣುಕು ನೋಡಿ ‘ಈ ವಾಲ್‌ನಟ್ ಬಣ್ಣ ಇರಲಿ’ ಎಂದರು. ಎಂಟು ಅಡಿ ಎತ್ತರದ ಬೀರು ಸಿದ್ಧವಾಗಿ ಮಲಗುವ ಕೋಣೆಯ ಹಳದಿ ದೀಪದಲ್ಲಿ ನಿಂತಾಗ ಅದು ಕೆಂಪಗೆ, ಕಪ್ಪಗೆ, ಭಾರವಾಗಿ ಕಂಡಿತು. ‘ನಾನು ಹೇಳಿದ್ದು ಇದಲ್ಲಪ್ಪ’ ಎಂದು ಆಕೆ. ‘ಅಮ್ಮ, ನೀವು ತೋರಿಸಿದ ನಂಬರೇ ಹಾಕಿರೋದು’ ಎಂದು ಮೇಸ್ತ್ರಿ. ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ. ಚಿಕ್ಕ ತುಣುಕಿನಲ್ಲಿ ಕಾಣುವ ಬಣ್ಣ ದೊಡ್ಡ ಮೈಯಲ್ಲಿ ಬೇರೆಯಾಗಿ ಕಾಣುತ್ತದೆ. ಒಂದು ಬೆಳಕಿನಲ್ಲಿ ಹೊಂದುವ ಎರಡು ಬಣ್ಣಗಳು ಇನ್ನೊಂದು ಬೆಳಕಿನಲ್ಲಿ ಹೊಂದದೆ ಹೋಗಬಹುದು. ಕಡೆಗೆ ಕೊನೆಯ ಕಂತು ನಿಲ್ಲುತ್ತದೆ. ಆ ಕಂತಿನಲ್ಲೇ ಕೆಲಸಗಾರರ ಕೂಲಿ ಸೇರಿರುತ್ತದೆ.

ಆದ್ದರಿಂದ ‘ಪಾಲಿಶ್ ಆದ ಮೇಲೆ ಸರಿಹೋಗುತ್ತೆ’ ಎಂಬ ಮಾತಿಗೆ ಕೊಡಬೇಕಾದ ಉತ್ತರ ಒಂದೇ: ‘ಹಾಗಾದರೆ ಮೊದಲು ಒಂದು ತುಂಡಿನ ಮೇಲೆ ಮಾಡಿ ತೋರಿಸಿ, ಮೇಸ್ತ್ರಿ.’ ಆ ತುಂಡು ಬೇರೆ ಯಾವುದೋ ಮರದ್ದಾಗಿರಬಾರದು; ಮನೆಗೆ ತಂದ ಮರದ್ದೇ ಆಗಿರಬೇಕು. ಒಂದಡಿ ಅಗಲ, ಎರಡಡಿ ಉದ್ದವಿದ್ದರೆ ಒಳ್ಳೆಯದು. ಉಪ್ಪುಕಾಗದದಿಂದ ಹಿಡಿದು ಕೊನೆಯ ಕೈವರೆಗೆ ಎಲ್ಲ ಹಂತಗಳೂ ಅದರ ಮೇಲೆ ಆಗಬೇಕು. ಪೂರ್ತಿ ಒಣಗಿದ ಮೇಲೆ ಅದನ್ನು ಸಾಮಾನು ನಿಲ್ಲುವ ಜಾಗದಲ್ಲೇ, ನಿಲ್ಲುವ ರೀತಿಯಲ್ಲೇ ಇಟ್ಟು ಬೆಳಗಿನ ಬೆಳಕಿನಲ್ಲಿ ಒಮ್ಮೆ, ರಾತ್ರಿ ದೀಪದಲ್ಲಿ ಒಮ್ಮೆ ನೋಡಬೇಕು. ಬಾಗಿಲಾಗುವ ಹಲಗೆಯ ತುಣುಕನ್ನು ಮೇಜಿನ ಮೇಲೆ ಮಲಗಿಸಿ ನೋಡಿದರೆ ಬೇರೆಯೇ ಬಣ್ಣ ಕಂಡೀತು.

ನೋಡಿದ ಮೇಲೆ ಪರೀಕ್ಷೆ. ಪೀಠೋಪಕರಣದ ಮೆರುಗನ್ನು ಒಣ ಬಿಸಿ, ಹಸಿ ಬಿಸಿ, ಎಣ್ಣೆ, ದ್ರವದ ಕಲೆ, ಪೆಟ್ಟು ಮೊದಲಾದವುಗಳಿಗೆ ಒಡ್ಡಿ ಪರೀಕ್ಷಿಸುವ ವಿಧಾನಗಳನ್ನು ಭಾರತೀಯ ಮಾನಕ ಐಎಸ್ 5807 ವಿವರಿಸುತ್ತದೆ. ಮನೆಯಲ್ಲಿ ಪ್ರಯೋಗಾಲಯ ಇರುವುದಿಲ್ಲ, ಆದರೆ ಅಡಿಗೆಮನೆ ಇರುತ್ತದೆ. ಬಿಸಿ ಕಾಫಿ ಲೋಟವನ್ನು ತುಂಡಿನ ಮೇಲೆ ಕಾಲು ಗಂಟೆ ಇಟ್ಟು ನೋಡಿ. ಅರಿಸಿನ ಕಲಸಿದ ಎಣ್ಣೆಯ ಒಂದು ಹನಿ, ನಿಂಬೆರಸದ ಒಂದು ಹನಿ, ಸ್ಯಾನಿಟೈಸರ್‌ನ ಒಂದು ಹನಿ ಇಟ್ಟು ರಾತ್ರಿ ಕಳೆದು ಒರೆಸಿ. ಉಗುರಿನಿಂದ ಗೀರಿ. ಯಾವ ಕಲೆ ಉಳಿದರೂ ಆ ಮೆರುಗು ಕೆಟ್ಟದ್ದೆಂದು ಅರ್ಥವಲ್ಲ. ಅದನ್ನು ಆ ಜಾಗಕ್ಕೆ ಬಳಸಬಾರದೆಂದು ಅರ್ಥ.

ಒಪ್ಪಿಗೆಯಾದರೆ ತುಂಡನ್ನು ಎರಡಾಗಿ ಕೊಯ್ದು ಎರಡರ ಬೆನ್ನಿಗೂ ದಿನಾಂಕ, ಬಳಸಿದ ವಸ್ತುವಿನ ಬ್ರಾಂಡು, ಬಣ್ಣದ ಸಂಖ್ಯೆ, ಎಷ್ಟು ಕೈ ಬಳಿದದ್ದು, ಹೊಳಪೋ ಮ್ಯಾಟೋ ಎಂದು ಬರೆದು ಎರಡೂ ಕಡೆಯವರು ರುಜು ಹಾಕಬೇಕು. ಒಂದು ಅರ್ಧ ಮನೆಯಲ್ಲಿ, ಒಂದು ಅರ್ಧ ಮೇಸ್ತ್ರಿಯ ಬಳಿ. ಲ್ಯಾಮಿನೇಟ್ ಆದರೆ ಬೇಕಾದ ಹಾಳೆಗಳನ್ನೆಲ್ಲ ಒಂದೇ ಸಲ ಕೊಳ್ಳುವುದು ಕ್ಷೇಮ, ಏಕೆಂದರೆ ಒಂದೇ ಸಂಖ್ಯೆಯ ಹಾಳೆಗಳಲ್ಲೂ ತಯಾರಿಯ ತಂಡ ಬೇರೆಯಾದರೆ ಬಣ್ಣದಲ್ಲಿ ಸ್ವಲ್ಪ ವ್ಯತ್ಯಾಸ ಬರುತ್ತದೆ. ವೆನೀರ್ ಆದರೆ ಅಂಗಡಿಗೆ ಹೋಗಿ ಒಂದೇ ದಿಮ್ಮಿಯಿಂದ ಒಂದರ ಹಿಂದೆ ಒಂದು ಸೀಳಿದ ಹಾಳೆಗಳನ್ನೇ ಆರಿಸಿ, ಪ್ರತಿಯೊಂದರ ಬೆನ್ನಿಗೂ ರುಜು ಹಾಕಿ ಬರಬೇಕು. ಮರದ ಎಳೆ ಉದ್ದಕ್ಕೋ ಅಡ್ಡಕ್ಕೋ ಎಂಬುದನ್ನೂ ಅಲ್ಲೇ ಗೊತ್ತುಮಾಡಬೇಕು. ಎಲ್ಲ ಬಾಗಿಲುಗಳಿಗೂ ಒಮ್ಮೆಗೇ ಮೆರುಗು ಹಚ್ಚುವ ಮುನ್ನ ಮೊದಲ ಬಾಗಿಲನ್ನು ಮುಗಿಸಿ ರುಜು ಹಾಕಿದ ತುಂಡಿನ ಪಕ್ಕ ಇಟ್ಟು ನೋಡಬೇಕು. ಇಷ್ಟಕ್ಕೆ ಒಂದು ವಾರ ಹೋಗಬಹುದು. ಹಾಗೆ ಹೋದ ವಾರ ಮುಂದಿನ ಜಗಳದ ತಿಂಗಳುಗಳನ್ನು ಉಳಿಸುತ್ತದೆ. ನ್ಯಾಯಯುತವಾಗಿ ಕೆಲಸ ಮಾಡಿದ ಮೇಸ್ತ್ರಿಯ ಕೂಲಿಯನ್ನೂ ಕಾಪಾಡುತ್ತದೆ.

ಬಳಿಯುವ ಕೈ, ಉಸಿರಾಡುವ ಮನೆ

ಮೆರುಗಿನ ಆಯ್ಕೆ ಆರೋಗ್ಯದ ವಿಷಯವೂ ಹೌದು. ಪ್ಲೈವುಡ್ಡು, ಪಾರ್ಟಿಕಲ್ ಬೋರ್ಡುಗಳ ಅಂಟಿನಿಂದ ಫಾರ್ಮಾಲ್ಡಿಹೈಡ್ ಅನಿಲ ಬಹುಕಾಲ ಸೂಸುತ್ತದೆ; ಮೆಲಮೈನ್ ಮೆರುಗು ಒಣಗುವಾಗಲೂ ಅದು ಹೊರಬೀಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಅನಿಲ ಕಡಿಮೆ ಸೂಸುವ ಹಲಗೆಗಳ ಮೇಲೆ ಇ-1, ಇ-0 ಎಂಬ ಗುರುತು ಇರುತ್ತದೆ. ಎಲ್ಲ ಅಂಚುಗಳನ್ನೂ ಮುಚ್ಚಿಸುವುದು, ಹೊಸ ಕಪಾಟಿನ ಕೋಣೆಯ ಕಿಟಕಿಗಳನ್ನು ಕೆಲವು ವಾರ ತೆರೆದಿಡುವುದು ಉಪಯುಕ್ತ. ಮಗುವಿನ ತೊಟ್ಟಿಲಿಗೆ ಬಣ್ಣ ಹಚ್ಚಿಸುವವರು ಸೀಸದ ಪ್ರಮಾಣವನ್ನು ವಿಚಾರಿಸಬೇಕು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ 2016ರಲ್ಲಿ ಹೊರಟು 2017ರ ನವೆಂಬರ್‌ನಲ್ಲಿ ಜಾರಿಗೆ ಬಂತು. ಅದಕ್ಕೆ ಮುಂಚಿನ ಬಣ್ಣದ ಪದರಗಳಿರುವ ಹಳೆಯ ಸಾಮಾನನ್ನು ಮನೆಯೊಳಗೆ ಒಣದಾಗಿ ಉಜ್ಜಿ ಧೂಳೆಬ್ಬಿಸುವುದು ಅಪಾಯ.

ಎಲ್ಲಕ್ಕಿಂತ ಹೆಚ್ಚು ಅಪಾಯ ಎದುರಿಸುವವನು ಬಳಿಯುವವನು. ಪಿಯು ಗಟ್ಟಿಯಾಗಲು ಬೆರೆಸುವ ದ್ರವದಲ್ಲಿರುವ ಐಸೋಸಯನೇಟ್ ತುಂತುರಿನೊಡನೆ ಉಸಿರಿಗೆ ಹೋದರೆ ಆಸ್ತಮಾ ತರಬಲ್ಲದು. ಮುಖಕ್ಕೆ ಕರವಸ್ತ್ರ ಕಟ್ಟಿದರೆ ಅದು ತಡೆಯದು. ಅದಕ್ಕೆಂದೇ ಮಾಡಿದ ಮುಖಕವಚ ಬೇಕು, ಗಾಳಿಯಾಡುವ ಜಾಗ ಬೇಕು. ಬಾಗಿಲು ಮುಚ್ಚಿದ ಫ್ಲಾಟಿನಲ್ಲಿ ಸಿಂಪಡಿಸುವುದಕ್ಕಿಂತ ಕಾರ್ಯಾಗಾರದಲ್ಲಿ ಮಾಡಿಸಿ ತರುವುದು ಮೇಲು. ಅಗಸೆ ಎಣ್ಣೆ ಹೀರಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿ ಬೆಂಕಿ ಹತ್ತುವುದೂ ಉಂಟು. ಅವನ್ನು ಹರಡಿ ಒಣಗಿಸಬೇಕು ಅಥವಾ ನೀರಿನಲ್ಲಿ ಮುಳುಗಿಸಿಡಬೇಕು. ಮುಖಕವಚದ ಖರ್ಚನ್ನೂ, ಒಂದು ಕೈಗೂ ಇನ್ನೊಂದು ಕೈಗೂ ನಡುವೆ ಒಣಗಲು ಬೇಕಾದ ದಿನಗಳನ್ನೂ ಅಂದಾಜು ಪಟ್ಟಿಯಲ್ಲೇ ಬರೆಸಿದರೆ, ಗೃಹಪ್ರವೇಶದ ಮುಹೂರ್ತ ಹತ್ತಿರವಾಯಿತೆಂದು ಮಳೆಯಲ್ಲಿ ಅವಸರವಾಗಿ ಬಳಿಸುವ ಪ್ರಮೇಯ ಬರುವುದಿಲ್ಲ.

ದಂಡಿನ ಕಾಲದ ಮೇಜು ಇಂದಿಗೂ ಬಳಕೆಯಲ್ಲಿದೆಯೆಂದರೆ ಅದರ ಮರ ಗಟ್ಟಿ ಎಂಬುದು ಒಂದು ಕಾರಣ. ಹಿಂದಿನವರು ಬಳಿದದ್ದು ಏನೆಂದು ಮುಂದಿನವರಿಗೆ ತಿಳಿಯುತ್ತಿತ್ತು ಎಂಬುದು ಇನ್ನೊಂದು. ಇಂದು ಬಳಿಯುವ ವಸ್ತುಗಳು ಹತ್ತಾರು. ಮೇಲಿನಿಂದ ನೋಡಿದರೆ ಎಲ್ಲವೂ ಒಂದೇ ಥರ ಹೊಳೆಯುತ್ತವೆ. ಆದ್ದರಿಂದ ಮನೆಗೆ ಬರುವ ಪ್ರತಿ ಮೇಜಿನ ಅಡಿಯಲ್ಲಿ, ಬೀರುವಿನ ಒಳಬಾಗಿಲಿನ ಮೇಲೆ, ಯಾವ ವರ್ಷ ಯಾವ ಮೆರುಗು ಹಚ್ಚಿತೆಂದು ಪೆನ್ಸಿಲಿನಲ್ಲಿ ಒಂದು ಸಾಲು ಬರೆದಿಡುವ ಪದ್ಧತಿ ಬಂದರೆ ಚೆನ್ನ. ಇಪ್ಪತ್ತು ವರ್ಷಗಳ ಬಳಿಕ ಅದನ್ನು ತಿರುಗಿಸಿ ನೋಡುವ ಪಾಲಿಶ್ ಕೆಲಸಗಾರನಿಗೆ ಅದೊಂದು ಸಾಲು ಸಾಕು.